ಹಗುರ ಓದು ಹಗುರವೇ?



ನಿಮ್ಮಲ್ಲಿ ಯಾರನ್ನಾದರೂ 'ಈಗ ಏನು ಓದುತ್ತಿದ್ದೀರಿ?' ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ಕೆಲವರು ಪಠ್ಯಪುಸ್ತಕದ ಹೆಸರು ಹೇಳುತ್ತಾರೆ. ಇನ್ನು ಕೆಲವರು ಕೈಯಲ್ಲಿರುವ ಪುಸ್ತಕವನ್ನು ಮಗುಚಿ ಹಿಡಿದು, 'ಏನಿಲ್ಲ ಸಾರ್, ಸುಮ್ಮನೆ ಟೈಂಪಾಸಿಗೆ ಒಂದು ಪತ್ತೇದಾರಿ ಕಾದಂಬರಿ' ಎನ್ನುತ್ತಾರೆ. ಈ ಎರಡನೆಯ ಉತ್ತರದಲ್ಲಿ 'ಏನಿಲ್ಲ' ಎಂಬ ಮಾತೊಂದಿದೆ ನೋಡಿ, ಅದರ ಬಗ್ಗೆ ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಇನ್ನೂರು ಪುಟ ಓದಿ ಮುಗಿಸಿದವರು ಅದನ್ನು 'ಏನಿಲ್ಲ' ಎಂದು ಏಕೆ ಹೇಳಬೇಕು? ಸಂತೋಷದಿಂದ ಓದಿದ್ದನ್ನು ಸಂಕೋಚದಿಂದ ಏಕೆ ಮುಚ್ಚಿಡಬೇಕು?

ಪತ್ತೇದಾರಿ ಕಥೆಗಳಲ್ಲಿ ಹಲವು ಜಾತಿಗಳಿವೆ. ರಕ್ತ, ಗುಂಡು, ಕಾರುಗಳ ಓಟ ತುಂಬಿದವು ಕೆಲವು. ಪೊಲೀಸ್ ಠಾಣೆಯ ದಿನಚರಿಯನ್ನೇ ಹೇಳುವವು ಕೆಲವು. ಇವುಗಳ ನಡುವೆ ಇಂಗ್ಲಿಷಿನಲ್ಲಿ 'ಕೋಜಿ ಮಿಸ್ಟರಿ' ಎಂದು ಕರೆಯುವ ಒಂದು ಬಗೆಯಿದೆ. ಕೋಜಿ ಎಂದರೆ ಬೆಚ್ಚಗಿನದು, ಹಿತವಾದದ್ದು. ಹೊರಗೆ ಮಳೆ ಸುರಿಯುತ್ತಿರುವಾಗ ಕಂಬಳಿ ಹೊದ್ದು ಕುಳಿತಂತೆ. ಕನ್ನಡದಲ್ಲಿ 'ಬೆಚ್ಚನೆಯ ಪತ್ತೇದಾರಿ ಕಥೆ' ಎನ್ನೋಣ. ಕೊಲೆಯ ಕಥೆ ಬೆಚ್ಚಗಿರುವುದೆಂದರೇನು ಎಂದು ನಿಮಗೆ ನಗು ಬರಬಹುದು. ಆದರೆ ಅದರ ಲಕ್ಷಣ ಕೇಳಿ. ಒಂದು ಪುಟ್ಟ ಊರು. ಎಲ್ಲರಿಗೂ ಎಲ್ಲರ ಪರಿಚಯ. ಅಲ್ಲಿ ಒಂದು ಸಾವು. ಅದು ಓದುಗರ ಕಣ್ಣ ಮುಂದೆ ನಡೆಯುವುದಿಲ್ಲ. ನಡೆದ ಮೇಲೆ ಸುದ್ದಿ ಬರುತ್ತದೆ. ಕೊಂದವನು ಹೊರಗಿನಿಂದ ಬಂದ ದರೋಡೆಕೋರನಲ್ಲ, ಇದೇ ಊರಿನ ಪರಿಚಿತನೇ. ಅವನನ್ನು ಹಿಡಿಯುವವರು ಬಹುಪಾಲು ಪೊಲೀಸರಲ್ಲ. ಒಬ್ಬ ಪಾದ್ರಿ, ಒಬ್ಬ ಮೇಷ್ಟರು, ಇಲ್ಲವೇ ಹೆಣಿಗೆ ಹಾಕುತ್ತ ಕೂತ ಒಬ್ಬ ವೃದ್ಧೆ. ಕೊನೆಯಲ್ಲಿ ಸತ್ಯ ಹೊರಬಿದ್ದು ಊರು ಮತ್ತೆ ತನ್ನ ಪಾಡಿಗೆ ತಾನು ಚಹಾ ಕುಡಿಯತೊಡಗುತ್ತದೆ.

ಈ ಬಗೆಯ ಕಥೆಯನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿ. ಅವರು ಹುಟ್ಟಿದ್ದು 1890ರಲ್ಲಿ, ಡೆವನ್ ಪ್ರಾಂತದ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ. ಪತ್ತೇದಾರಿ ಕಥೆಯನ್ನು ಅವರೇನೂ ಮೊದಲು ಬರೆದವರಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲೇ ಅಂಥ ಕಥೆ ಬರೆದಿದ್ದರು. ಕಾನನ್ ಡಾಯ್ಲ್ ಅವರ ಷೆರ್ಲಾಕ್ ಹೋಮ್ಸ್ 1887ರಲ್ಲಿ ಓದುಗರೆದುರು ಬಂದಿದ್ದ. ಕ್ರಿಸ್ಟಿಯವರ ಬಾಲ್ಯದ ಒಂದು ಸಂಗತಿ ನಿಮಗೆ ಸ್ವಾರಸ್ಯವಾಗಬಹುದು. ಎಂಟು ವರ್ಷ ತುಂಬುವವರೆಗೆ ಮಕ್ಕಳು ಓದು ಕಲಿಯಬಾರದೆಂಬುದು ಅವರ ತಾಯಿಯ ನಂಬಿಕೆಯಾಗಿತ್ತು. ಹುಡುಗಿ ಕೇಳಲಿಲ್ಲ. ಯಾರೂ ಹೇಳಿಕೊಡದೆ, ಕಥೆ ಪುಸ್ತಕಗಳನ್ನು ನೋಡಿ ನೋಡಿ, ಐದರ ಹೊತ್ತಿಗೆ ತಾನಾಗಿಯೇ ಓದಲು ಕಲಿತಳು. ಓದಿನ ಹಸಿವು ಎಂದರೆ ಅದು!

ಮೊದಲನೆಯ ಮಹಾಯುದ್ಧದಲ್ಲಿ ಅವರು ತಮ್ಮ ಊರಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆ ಮಾಡಿದರು. ಬಳಿಕ ಅಲ್ಲಿನ ಔಷಧ ವಿಭಾಗಕ್ಕೆ ಬಂದರು. ಸುತ್ತಲೂ ಸೀಸೆಗಳು, ಮದ್ದು ಯಾವುದು, ವಿಷ ಯಾವುದು, ಎಷ್ಟು ಹನಿಗೆ ಮದ್ದು ವಿಷವಾಗುತ್ತದೆ ಎಂಬುದೆಲ್ಲ ಕಲಿಯಲೇಬೇಕಾದ ಕೆಲಸ. ಆ ಸೀಸೆಗಳ ನಡುವೆ ಕುಳಿತೇ ಅವರು ತಮ್ಮ ಮೊದಲ ಪತ್ತೇದಾರಿ ಕಾದಂಬರಿಯನ್ನು ಯೋಚಿಸಿದರು. ಪತ್ತೇದಾರಿ ಕಥೆ ಬರೆಯುವುದು ನಿನ್ನಿಂದಾಗದು ಎಂದು ಅಕ್ಕ ಛೇಡಿಸಿದ್ದೂ ಒಂದು ಕಾರಣ. ಆಗ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತರು ಆ ಊರಿನಲ್ಲಿ ನೆಲೆಸಿದ್ದರು. ಹೀಗಾಗಿ ಪತ್ತೇದಾರ ಹರ್ಕ್ಯೂಲ್ ಪಾಯ್ರೋ ಬೆಲ್ಜಿಯಂನವನಾದ. ಹಲವು ಪ್ರಕಾಶಕರು ತಿರಸ್ಕರಿಸಿದ ಆ ಪುಸ್ತಕ 1920ರಲ್ಲಿ ಅಚ್ಚಾಯಿತು. ವಿಷದ ವಿವರಗಳು ಕರಾರುವಾಕ್ಕಾಗಿವೆ ಎಂದು ಔಷಧ ತಜ್ಞರ ಪತ್ರಿಕೆಯೇ ಮೆಚ್ಚಿಕೊಂಡಿತು. ಹಗುರ ಸಾಹಿತ್ಯ ಎನ್ನುತ್ತೇವಲ್ಲ, ಅದರ ಹಿಂದೆಯೂ ಎಂಥ ಭಾರದ ತಯಾರಿ ಇರುತ್ತದೆ ನೋಡಿ.

ಯುದ್ಧದಲ್ಲಿ ಲಕ್ಷಾಂತರ ಯುವಕರು ಕಾರಣವಿಲ್ಲದೆ, ಲೆಕ್ಕವಿಲ್ಲದೆ ಸತ್ತಿದ್ದರು. ಅಂಥ ಕಾಲದಲ್ಲಿ ಜನ ಕೊಲೆಯ ಕಥೆಗಳನ್ನು ಇಷ್ಟೊಂದು ಪ್ರೀತಿಯಿಂದ ಓದಿದ್ದೇಕೆ? ನನಗೆ ತೋರುವುದಿಷ್ಟು. ಈ ಕಥೆಗಳಲ್ಲಿ ಒಂದೇ ಒಂದು ಸಾವಿಗೂ ಲೆಕ್ಕವಿದೆ. ಯಾರು, ಏಕೆ, ಹೇಗೆ ಎಂದು ಕೇಳುವವರಿದ್ದಾರೆ, ಉತ್ತರ ದೊರಕುವವರೆಗೆ ಬಿಡುವುದಿಲ್ಲ. ಎರಡನೆಯ ಮಹಾಯುದ್ಧದ ಸಮಯದ ಒಂದು ನಿದರ್ಶನ ಕೊಡುತ್ತೇನೆ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಬಡಾವಣೆಯ ಗ್ರಂಥಾಲಯದ ಮೇಲೆ ಬಾಂಬು ಬಿತ್ತು. ಗ್ರಂಥಪಾಲಕರು ಕೈಕಟ್ಟಿ ಕೂರಲಿಲ್ಲ. ಇನ್ನೂ ರೈಲು ಓಡಾಟ ಆರಂಭವಾಗದಿದ್ದ ನೆಲದಡಿಯ ನಿಲ್ದಾಣದಲ್ಲಿ ಜನ ಆಶ್ರಯ ಪಡೆದಿದ್ದರಷ್ಟೆ. ಅಲ್ಲಿಯೇ ಒಂದು ಪುಟ್ಟ ಗ್ರಂಥಾಲಯ ತೆರೆದರು. ಮೇಲೆ ಬಾಂಬು, ಕೆಳಗೆ ಪುಸ್ತಕ. ಆ ರಾತ್ರಿಗಳಲ್ಲಿ ಓದುತ್ತ ಕುಳಿತವರನ್ನು 'ಟೈಂಪಾಸ್ ಮಾಡುತ್ತಿದ್ದರು' ಎಂದು ಅಂದರೆ ಮಾತು ಸರಿಯಾಗುತ್ತದೆಯೇ?

ಇಂಥ ಕಥೆಗಳಿಗೆ ಒಂದು ನೀತಿಯೂ ಇತ್ತು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಅವರೂ ಪತ್ತೇದಾರಿ ಲೇಖಕರೇ, ಈ ಬಗೆಯ ಬರಹಕ್ಕೆ ಹತ್ತು ನಿಯಮಗಳನ್ನು ಹಾಕಿದರು. ದೆವ್ವ ಭೂತಗಳಿಂದ ಒಗಟು ಬಿಡಿಸಕೂಡದು, ಪತ್ತೇದಾರನೇ ಅಪರಾಧಿಯಾಗಕೂಡದು, ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಬಚ್ಚಿಡಕೂಡದು, ಹೀಗೆ. ಮರುವರ್ಷ, 1930ರಲ್ಲಿ, ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರ ಒಂದು ಸಂಘವೇ ಸ್ಥಾಪನೆಯಾಯಿತು. ಜಿ. ಕೆ. ಚೆಸ್ಟರ್ಟನ್ ಅದರ ಮೊದಲ ಅಧ್ಯಕ್ಷರು. ಓದುಗನಿಗೆ ಮೋಸ ಮಾಡಬಾರದು, ಎಲ್ಲ ಸುಳಿವುಗಳನ್ನೂ ಅವನ ಮುಂದಿಟ್ಟೇ ಅವನನ್ನು ಸೋಲಿಸಬೇಕು ಎಂಬುದು ಅವರ ಪಂಥ. ಅಂದರೆ ಇದು ಲೇಖಕ ಮತ್ತು ಓದುಗನ ನಡುವಿನ ಒಂದು ಚದುರಂಗದಾಟ.

ಈ ಆಟದಿಂದ ಓದುಗನಿಗೆ ಸಿಗುವ ಲಾಭವೇನು? ಮೊದಲನೆಯದು, ಗಮನ. ಬಾಗಿಲು ತೆರೆದಿತ್ತೇ ಮುಚ್ಚಿತ್ತೇ, ಗಡಿಯಾರ ನಿಂತದ್ದು ಎಷ್ಟು ಗಂಟೆಗೆ ಎಂಬ ಸಣ್ಣ ವಿವರವನ್ನೂ ಬಿಡದೆ ಓದುವುದು ಅಭ್ಯಾಸವಾಗುತ್ತದೆ. ಎರಡನೆಯದು, ಇಲ್ಲದ್ದನ್ನು ಕಾಣುವುದು. 1892ರಲ್ಲಿ ಪ್ರಕಟವಾದ ಷೆರ್ಲಾಕ್ ಹೋಮ್ಸ್ ಕಥೆಯೊಂದರಲ್ಲಿ ರಾತ್ರಿ ಲಾಯದಿಂದ ಕುದುರೆ ಕಳುವಾಗುತ್ತದೆ. ಆದರೆ ಅಲ್ಲಿದ್ದ ನಾಯಿ ಬೊಗಳುವುದಿಲ್ಲ. ಬೊಗಳದಿದ್ದದ್ದೇ ಸುಳಿವು! ಮೂರನೆಯದು, ಮನುಷ್ಯ ಸ್ವಭಾವದ ಅರಿವು. ಕ್ರಿಸ್ಟಿಯವರ ಮಿಸ್ ಮಾರ್ಪಲ್ ಕಾದಂಬರಿಯ ರೂಪದಲ್ಲಿ ಮೊದಲು ಬಂದದ್ದು 1930ರಲ್ಲಿ. ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಅವಿವಾಹಿತ ಮುದುಕಿ ಆಕೆ. ಆಕೆಯ ವಿಧಾನ ಬಹಳ ಸರಳ: ಈ ಮನುಷ್ಯ ನಮ್ಮೂರಿನ ಇಂಥವನ ಹಾಗೇ ಇದ್ದಾನಲ್ಲ ಎಂದು ಹೋಲಿಸಿ ನೋಡುವುದು. ನಮ್ಮ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತ ಬೀದಿಯನ್ನೆಲ್ಲ ಬಲ್ಲ ಅಜ್ಜಿಯರಿಲ್ಲವೇ? ಅವರ ಜಾಣ್ಮೆಯನ್ನು ನಾವು ಹರಟೆಯೆಂದು ತಳ್ಳಿಹಾಕುತ್ತೇವೆ. ಕ್ರಿಸ್ಟಿ ಅದನ್ನೇ ಬುದ್ಧಿಶಕ್ತಿಯೆಂದು ಗೌರವಿಸಿದರು.

ಈ ಮಾತು ಬಂದಾಗ ನನಗೆ ನನ್ನ ಸೋದರತ್ತೆಯ ನೆನಪಾಗುತ್ತದೆ. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಬಾಡಿಗೆ ಪುಸ್ತಕದ ಅಂಗಡಿಯಿಂದ ಕಾದಂಬರಿಗಳನ್ನು ತಂದುಕೊಡುವುದು ನನ್ನ ಕೆಲಸ. ಹಗಲು ಅವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿರುತ್ತಿದ್ದರು. ಅಡುಗೆಮನೆ ಸಾರಿಸಿದ ಮೇಲೆ ರಾತ್ರಿ ಓದುತ್ತಿದ್ದರು. 'ಇವಳ ಕಾದಂಬರಿ ಹುಚ್ಚು' ಎಂದು ಮನೆಯವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಮ್ಮೆ ಮನೆಯಲ್ಲಿ ಆಸ್ತಿಯ ಪಾಲುಪತ್ರ ಸಿದ್ಧವಾಯಿತು. ಪತ್ರ ಬರೆಯುವವರು ಗಟ್ಟಿಯಾಗಿ ಓದಿ ಹೇಳಿದರು, ಗಂಡಸರೆಲ್ಲ ತಲೆಯಾಡಿಸಿದರು. ಅತ್ತೆ ಮಾತ್ರ, 'ಸ್ವಲ್ಪ ಕೊಡಿ, ನಾನೂ ಓದುತ್ತೇನೆ' ಎಂದರು. ಪೂರ್ತಿ ಓದಿ, ಮತ್ತೆ ಮೊದಲಿನಿಂದ ಓದಿ, ನನ್ನ ತಂದೆಯ ಕಡೆ ತಿರುಗಿ ಕೇಳಿದರು: 'ತಮ್ಮಾ, ತೆಂಗಿನ ಮರ ಎಲ್ಲ ಇದೆ, ಕಲ್ಲುಕಂಬ ಇದೆ. ನನ್ನ ಪಾಲಿನ ಬಾವಿ ಎಲ್ಲಿ ಹೋಯ್ತೋ?' ಹೌದು, ಬಾವಿಯ ಹೆಸರೇ ಪತ್ರದಲ್ಲಿರಲಿಲ್ಲ. ಬೇಕೆಂದೇ ಬಿಟ್ಟಿದ್ದಲ್ಲ, ಕಣ್ತಪ್ಪಿ ಬಿಟ್ಟುಹೋಗಿತ್ತು. ಆದರೆ ಅಂದು ಯಾರೂ ನೋಡದಿದ್ದರೆ ನಾಳೆ ನೀರಿಗಾಗಿ ಅವರು ಇನ್ನೊಬ್ಬರ ಮುಂದೆ ನಿಲ್ಲಬೇಕಾಗುತ್ತಿತ್ತು.

ಪತ್ತೇದಾರಿ ಕಾದಂಬರಿ ಓದಿದ್ದರಿಂದಲೇ ಬಾವಿ ಸಿಕ್ಕಿತು ಎಂದು ನಾನು ಸಾಧಿಸಲು ಹೊರಟಿಲ್ಲ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗದು ಎಂದು ನಿಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಹೇಳಿಕೊಟ್ಟಿರುತ್ತಾರೆ. ಆದರೆ ಇಷ್ಟು ಹೇಳಬಲ್ಲೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಎಷ್ಟೋ ಮಂದಿ ಹತ್ತು ವರ್ಷದಲ್ಲಿ ಅಕ್ಷರವನ್ನೇ ಮರೆಯುತ್ತಾರೆ. ಅತ್ತೆ ಮರೆಯಲಿಲ್ಲ. ಅಕ್ಕಿ ಡಬ್ಬದ ಹಿಂದಿನ ಪುಸ್ತಕಗಳು ಅವರ ಓದನ್ನು ಜೀವಂತವಾಗಿ ಇಟ್ಟಿದ್ದವು.

ಇನ್ನು ಎದುರು ಪಕ್ಷದ ವಾದವನ್ನೂ ಕೇಳಬೇಕು. 1945ರಲ್ಲಿ ಅಮೆರಿಕದ ಹೆಸರಾಂತ ವಿಮರ್ಶಕ ಎಡ್ಮಂಡ್ ವಿಲ್ಸನ್ ಪತ್ತೇದಾರಿ ಕಥೆಗಳ ಮೇಲೆ ಕಟುವಾದ ಲೇಖನ ಬರೆದರು. ಕ್ರಿಸ್ಟಿಯವರ 1926ರ ಪ್ರಸಿದ್ಧ ಕಾದಂಬರಿಯಲ್ಲಿ ಸಾಯುವ ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಎಂಬ ಧಾಟಿಯ ತಲೆಬರಹವೇ ಅದಕ್ಕಿತ್ತು. ಪಾತ್ರಗಳಲ್ಲಿ ಜೀವವಿಲ್ಲ, ಭಾಷೆಯಲ್ಲಿ ಸತ್ವವಿಲ್ಲ, ಓದುವುದು ವ್ಯರ್ಥ ಎಂಬುದು ಅವರ ನಿಲುವು. ಮೂರು ವರ್ಷಗಳ ಬಳಿಕ, 1948ರಲ್ಲಿ, ದೊಡ್ಡ ಕವಿ ಡಬ್ಲ್ಯು. ಎಚ್. ಆಡೆನ್ ಈ ಕಥೆಗಳ ಬಗ್ಗೆ ಪ್ರಬಂಧವೊಂದನ್ನು ಬರೆದರು. ತನಗೆ ಇವು ಒಂದು ಚಟ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೆಲಸವಿರುವಾಗ ಪತ್ತೇದಾರಿ ಪುಸ್ತಕ ಕೈಗೆ ಸಿಗದಂತೆ ತಾನು ಎಚ್ಚರ ವಹಿಸಬೇಕು, ಒಮ್ಮೆ ಹಿಡಿದರೆ ಮುಗಿಸದೆ ಏಳಲಾಗದು ಎಂದರು. ಆದರೆ ಅಲ್ಲಿಗೆ ನಿಲ್ಲದೆ, ಈ ಕಥೆಗಳು ಓದುಗನ ಯಾವ ಆಳದ ಆಸೆಯನ್ನು ತಣಿಸುತ್ತವೆ ಎಂದು ಪರೀಕ್ಷಿಸಿದರು. ಕೆಟ್ಟುಹೋದ ಲೋಕ ಮತ್ತೆ ನಿರ್ಮಲವಾಗಬೇಕೆಂಬ ಹಂಬಲ ಅದು ಎಂಬುದು ಅವರ ವಾದದ ಸಾರ.

ಮಿತ್ರರೇ, ಇವರಿಬ್ಬರಲ್ಲಿ ನನಗೆ ಆಡೆನ್ ಹೆಚ್ಚು ಹತ್ತಿರ. ಅವರ ಎಚ್ಚರಿಕೆಯಂತೂ ನನಗೆ ಅನುಭವದಿಂದಲೇ ಗೊತ್ತು. ಪಿಯುಸಿಯಲ್ಲಿದ್ದಾಗ ರಸಾಯನಶಾಸ್ತ್ರದ ಪರೀಕ್ಷೆಯ ಹಿಂದಿನ ರಾತ್ರಿ 'ಒಂದೇ ಅಧ್ಯಾಯ' ಎಂದು ಒಂದು ಕಾದಂಬರಿ ತೆರೆದೆ. ಕೊಲೆಗಾರ ಸಿಕ್ಕಿದ್ದು ಬೆಳಗಿನ ನಾಲ್ಕು ಗಂಟೆಗೆ. ಬೆಂಜೀನ್ ಮಾತ್ರ ಪರೀಕ್ಷೆಯಲ್ಲಿ ಸಿಗಲೇ ಇಲ್ಲ. ಹಗುರ ಓದನ್ನು ನಾನು ಸಮರ್ಥಿಸುತ್ತಿರುವುದು ನಿಜ. ಆದರೆ ಪರೀಕ್ಷೆಯ ಹಿಂದಿನ ರಾತ್ರಿಯ ಮಟ್ಟಿಗೆ ವಿಲ್ಸನ್ ಅವರ ಮಾತೇ ಸರಿ!

ಈ ಕಥೆಗಳ ಕುಂದುಗಳನ್ನೂ ಕಣ್ಣು ತೆರೆದು ನೋಡಬೇಕು. ಸಾವು ಇಲ್ಲಿ ಒಗಟಾಗುತ್ತದೆ. ಸತ್ತವರಿಗಾಗಿ ಅಳುವವರು ಕಡಿಮೆ. ಮನೆಗೆಲಸದವರು, ಬಡವರು, ಪರದೇಶದವರು ಅನೇಕ ಸಲ ಬರಿಯ ಗೊಂಬೆಗಳಂತೆ ಬಂದು ಹೋಗುತ್ತಾರೆ. ಆ ಕಾಲದ ಇಂಗ್ಲೆಂಡಿನ ಪೂರ್ವಗ್ರಹಗಳು ಪುಟಗಳಲ್ಲಿ ಉಳಿದುಕೊಂಡಿವೆ. 1939ರ ಕ್ರಿಸ್ಟಿಯವರ ಕಾದಂಬರಿಯೊಂದರ ಮೂಲ ಹೆಸರಿನಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವಿತ್ತು. ಅಮೆರಿಕದಲ್ಲಿ 1940ರಲ್ಲೇ ಹೆಸರು ಬದಲಾಯಿತು; ಬ್ರಿಟನ್ನಿನಲ್ಲಿ ಅದು ಪೂರ್ತಿಯಾಗಿ ಹೋಗಲು 1980ರ ದಶಕದವರೆಗೆ ಕಾಯಬೇಕಾಯಿತು. ಸುಳಿವು ಹುಡುಕುವ ಕಣ್ಣಿನಿಂದಲೇ ಲೇಖಕರ ಪೂರ್ವಗ್ರಹವನ್ನೂ ಹುಡುಕಿ. ಇವನ ಮೇಲೆ ನನಗೆ ಅನುಮಾನ ಬಂದದ್ದು ಅವನ ನಡತೆಯಿಂದಲೋ, ಅವನ ಬಣ್ಣದಿಂದಲೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಗ ಹಗುರ ಪುಸ್ತಕವೂ ಗಂಭೀರ ಪಾಠವಾಗುತ್ತದೆ.

ಕನ್ನಡದ ಮಟ್ಟಿಗೂ ಹಗುರ ಓದಿನ ಋಣ ಸಣ್ಣದಲ್ಲ. ಕಾದಂಬರಿ ಎಂಬ ಪ್ರಕಾರ ನಮ್ಮಲ್ಲಿ ಎಳೆಯದಾಗಿದ್ದಾಗ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಥೆಗಳನ್ನು ತಂದರು; ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದರು. ಇವರು ಕನ್ನಡಕ್ಕೆ ಪುಸ್ತಕಗಳನ್ನಷ್ಟೇ ಕೊಡಲಿಲ್ಲ, ಓದುಗರನ್ನೇ ಕೊಟ್ಟರು. ಮುಂದೆ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರನ್ನು ನಿಮ್ಮ ಅಜ್ಜ ಅಜ್ಜಿಯರ ಮುಂದೆ ಹೇಳಿ ನೋಡಿ, ಅವರ ಮುಖ ಅರಳಬಹುದು. ಟಿ. ಕೆ. ರಾಮರಾಯರು ಪತ್ತೇದಾರಿ ಕಾದಂಬರಿಗಳನ್ನೂ ಬರೆದರು, 1972ರ 'ಬಂಗಾರದ ಮನುಷ್ಯ' ಚಲನಚಿತ್ರಕ್ಕೆ ಆಧಾರವಾದ ಕಾದಂಬರಿಯನ್ನೂ ಬರೆದರು. ಮನೆಮನೆಯ ಹೆಂಗಸರು ಬಾಡಿಗೆಗೆ ತಂದು ಓದುತ್ತಿದ್ದ ತ್ರಿವೇಣಿಯವರ ಕಾದಂಬರಿಗಳ ಬಗ್ಗೆ ಇಂದು ವಿಶ್ವವಿದ್ಯಾಲಯಗಳಲ್ಲಿ ಚರ್ಚೆ ನಡೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನು ನೋಡಿ. ಕೆಸರೂರು ಎಂಬ ಪುಟ್ಟ ಊರು, ಒಂದು ಅನುಮಾನದ ಸಾವು, ತನಿಖೆಗೆ ಬಂದ ಒಬ್ಬ ಅಧಿಕಾರಿ. ಹೊರಗಿನ ಚೌಕಟ್ಟು ಪತ್ತೇದಾರಿಯದೇ. ಆದರೆ ಕೊನೆಗೆ ಪತ್ತೆಯಾಗುವುದು ಇಡೀ ಸಮಾಜದ ಕಾಯಿಲೆ. ಆ ಕೃತಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಗುರ, ಗಂಭೀರ ಎಂಬ ಗೋಡೆ ನಾವು ತಿಳಿದಷ್ಟು ಎತ್ತರವಾಗಿಲ್ಲ.

ಹಾಗಾದರೆ ಓದುವ ಹವ್ಯಾಸವನ್ನು ಬೆಳೆಸಿಕೊಳ್ಳುವುದು ಹೇಗೆ? ಉಪದೇಶ ಬೇಡ, ಅನುಭವದ ನಾಲ್ಕು ಮಾತು ಹೇಳುತ್ತೇನೆ. ಹಿಡಿಸುವ ಪುಸ್ತಕದಿಂದ ಆರಂಭಿಸಿ. 'ಓದಲೇಬೇಕಾದ' ಪುಸ್ತಕ ಆಮೇಲೆ ತಾನಾಗಿ ಬರುತ್ತದೆ. ಐವತ್ತು ಪುಟ ಓದಿಯೂ ರುಚಿಸದಿದ್ದರೆ ಸಂಕೋಚವಿಲ್ಲದೆ ಬದಿಗಿಡಿ, ಎರಡು ವರ್ಷದ ನಂತರ ಅದೇ ಪುಸ್ತಕ ನಿಮ್ಮನ್ನು ಕೂಗಬಹುದು. ಹಗುರವಾದದ್ದು ಎರಡು ಓದಿದ ಮೇಲೆ ಸ್ವಲ್ಪ ಭಾರದ್ದು ಒಂದು ಓದಿ. ಇಂಗ್ಲಿಷ್ ಕಷ್ಟವೆನ್ನುವವರು ಕ್ರಿಸ್ಟಿಯವರಿಂದಲೇ ಮೊದಲುಮಾಡಿ. ವಾಕ್ಯಗಳು ಚಿಕ್ಕವು, ಮಾತುಕತೆ ಹೆಚ್ಚು. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಮುಂದೇನಾಯಿತು ಎಂಬ ಕುತೂಹಲವೇ ಅರ್ಥವನ್ನು ಎಳೆದು ತರುತ್ತದೆ. ಮತ್ತು ಒಂದು ಒಳ್ಳೆಯ ಪತ್ತೇದಾರಿ ಕಾದಂಬರಿಯನ್ನು ಮುಗಿಸಿದ ಮೇಲೆ ಇನ್ನೊಮ್ಮೆ ಓದಿ. ಅಪರಾಧಿ ಯಾರೆಂದು ಗೊತ್ತಿದ್ದೂ ಓದುವಾಗ ಕಥೆ ಕಟ್ಟಿದ ಬಗೆ ಕಾಣುತ್ತದೆ. ಮೊದಲ ಓದಿನಲ್ಲಿ ನಾವು ಎಲ್ಲೆಲ್ಲಿ ಎಡವಿದೆವು ಎಂಬುದೂ ಕಾಣುತ್ತದೆ. ಎಡವಿದ ಜಾಗ ತಿಳಿಯುವುದೇ ವಿದ್ಯೆ.

ಮೊಬೈಲಿನಿಂದ ಸಮಯ ಸಿಗುವುದಿಲ್ಲ ಎನ್ನುವಿರಾ? ನಿಮ್ಮನ್ನು ಬಯ್ಯಲಾರೆ, ನನ್ನ ಜೇಬಿನಲ್ಲೂ ಅದು ಇದೆ. ಅದರಲ್ಲಿ ಅರ್ಧ ನಿಮಿಷಕ್ಕೊಂದು ಸಂಗತಿ ಬದಲಾಗುತ್ತದೆ, ಯಾವುದನ್ನೂ ನೆನಪಿಡಬೇಕಾಗಿಲ್ಲ. ಪತ್ತೇದಾರಿ ಕಥೆ ಮೂರನೆಯ ಪುಟದ ಸುಳಿವನ್ನು ನೂರ ಎಂಬತ್ತನೆಯ ಪುಟದವರೆಗೆ ಮನಸ್ಸಿನಲ್ಲಿ ಹೊತ್ತು ನಡೆಯುವಂತೆ ಮಾಡುತ್ತದೆ. ಹಾಗೆ ಹೊತ್ತು ನಡೆಯಬಲ್ಲ ಮನಸ್ಸಿಗೆ ಇತಿಹಾಸವಾಗಲಿ, ಗಣಿತವಾಗಲಿ, ದೊಡ್ಡ ಕಾವ್ಯವಾಗಲಿ ದೂರವಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕವಿರುವುದು ಬಳಸಲಿಕ್ಕೆ, ಬೀರುವಿನಲ್ಲಿ ಬೀಗ ಹಾಕಿಡಲಿಕ್ಕಲ್ಲ ಎಂಬುದು ಮೊದಲನೆಯದರ ಆಶಯ. ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರದೇ ಆದ ಓದುಗನಿದ್ದಾನೆ ಎಂಬುದು ಅವುಗಳಲ್ಲಿ ಇನ್ನೆರಡರ ಆಶಯ. ಅದು ಗಂಭೀರ ಪುಸ್ತಕಕ್ಕೆ ಮಾತ್ರ ಅನ್ವಯಿಸುತ್ತದೆ ಎಂದು ಅವರು ಹೇಳಲಿಲ್ಲ.

ಆದ್ದರಿಂದ ಮಿತ್ರರೇ, ಮುಂದಿನ ಸಲ ಯಾರಾದರೂ 'ಏನು ಓದುತ್ತಿದ್ದೀರಿ?' ಎಂದು ಕೇಳಿದಾಗ ಪುಸ್ತಕವನ್ನು ಮಗುಚಿ ಹಿಡಿಯಬೇಡಿ. ಹೆಸರು ಹೇಳಿ, ಕಥೆ ಹೇಳಿ. ಕೊಲೆಗಾರ ಯಾರೆಂಬುದನ್ನು ಮಾತ್ರ ಹೇಳಬೇಡಿ! ನಿಮ್ಮ ಮನೆಯಲ್ಲಿಯೂ ಅಕ್ಕಿ ಡಬ್ಬದ ಹಿಂದೆ ಪುಸ್ತಕವಿಟ್ಟು ಓದುವವರು ಯಾರಾದರೂ ಇದ್ದರೆ ಅವರನ್ನು ನೋಡಿ ನಗಬೇಡಿ. ಗ್ರಂಥಾಲಯಕ್ಕೆ ಹೋದಾಗ ಅವರಿಗೂ ಒಂದು ಪುಸ್ತಕ ತಂದುಕೊಡಿ.